ತಳದ ಕಂದು ಪದರ

ದುರುಗವ್ವ ಎದೆಮಟ್ಟದ ನೀರಿನಲ್ಲಿ ನಿಂತು, ಪಾರದರ್ಶಕ ಪ್ಲಾಸ್ಟಿಕ್ ಕೊಳವೆಯೊಂದನ್ನು ಕಾಲ ಬಳಿಯ ಕೆಸರಿಗೆ ಒತ್ತಿದರು. ಕೊಳವೆ ಒಂದು ಗೇಣು ಇಳಿಯಿತು. ಮೇಲಿನ ಬಾಯಿಯನ್ನು ಅಂಗೈಯಿಂದ ಬಿಗಿಯಾಗಿ ಮುಚ್ಚಿ ನಿಧಾನಕ್ಕೆ ಎತ್ತಿದರು. ಕೆಳಗಿನ ಬಾಯಿ ನೀರು ಬಿಡುವ ಮೊದಲೇ ಇನ್ನೊಂದು ಕೈ ಅದಕ್ಕೆ ಅಡ್ಡ ಹೋಯಿತು. ಸೆಪ್ಟೆಂಬರ್ ಮೊದಲ ಸೋಮವಾರ, ಬೆಳಗಿನ ಆರೂಮುಕ್ಕಾಲು. ನಾಲ್ಕು ದಿನದಿಂದ ಬಿಸಿಲು ಬಿದ್ದಿರಲಿಲ್ಲ.

ದಂಡೆಗೆ ಬಂದು ಕೊಳವೆಯನ್ನು ನೆಟ್ಟಗೆ ಹಿಡಿದು ಬೆಳಕಿಗೆ ನೋಡಿದರು. ಮೇಲೆ ಹಸಿರು ನೀರು. ಅದರ ಅಡಿಯಲ್ಲಿ ಕೆಸರಿನ ಮೇಲ್ಮೈಗೆ ಅಂಟಿದಂತೆ ಕಂದು ಬಣ್ಣದ ತೆಳು ಪದರ, ಅದರ ಕೆಳಗೆ ಬೂದು, ಅದಕ್ಕೂ ಕೆಳಗೆ ಕಾಡಿಗೆಯಂಥ ಕಪ್ಪು. ದುರುಗವ್ವ ನೋಡಲು ಬಂದದ್ದು ಕಂದು ಪದರವನ್ನು. ಕೊಳವೆಯ ಹೊರಗಿನಿಂದ ಉಗುರು ಇಟ್ಟು ಅಳೆದರು.

ದಂಡೆಯ ಮೇಲೆ ಸುಂಕಲಮ್ಮ ತೌಡಿನ ಬಕೆಟ್ ಹಿಡಿದು ನಿಂತಿದ್ದರು.

"ಎಷ್ಟು ಐತಿ ಯಕ್ಕಾ?"

"ಹುಣಸಿ ಬೀಜದಷ್ಟು."

"ಹ್ವಾದ ವಾರ ಒಂದ್ ಬೆರಳ ದಪ್ಪ ಇತ್ತಲ್ಲ?"

"ಇತ್ತು. ಈಗಿಲ್ಲ. ಇವತ್ತು ತೌಡು ಹಾಕೋದು ಬ್ಯಾಡ, ಬಕೀಟ ಮನಿಗೆ ಒಯ್ಯಿ."

"ಮೀನ ಬೈತಾವ ನೋಡು."

"ಬೈಲಿ ಬಿಡು. ಸತ್ತ ಮೀನ ಬೈಯಂಗಿಲ್ಲ."

ಗಂಗಾವತಿಯಿಂದ ಹನ್ನೆರಡು ಕಿಲೋಮೀಟರ್ ದೂರದ ಈ ಊರಿನಲ್ಲಿ ಕಾಲುವೆಯ ಎರಡೂ ಬದಿ ಭತ್ತದ ಗದ್ದೆಗಳೇ. ಅವುಗಳ ನಡುವೆ ಒಂದೂಮುಕ್ಕಾಲು ಎಕರೆಯ ಮೀನು ಹೊಂಡ ಎದ್ದು ಕಾಣುತ್ತದೆ. ಜಾಗ ತಿರುಪತಿ ಎಂಬ ರೈತರದು. ಗದ್ದೆಯಾಗಿದ್ದ ತಗ್ಗು ಭೂಮಿಯನ್ನು ಅವರೇ ತೋಡಿಸಿ ಹೊಂಡ ಮಾಡಿಸಿದರು. ಮೊದಲ ವರ್ಷ ತಾವೇ ಮೀನು ಬಿಟ್ಟು ಬೇಸತ್ತು, ಮರುವರ್ಷ ಎಂಟು ಹೆಂಗಸರ ಸಂಘಕ್ಕೆ ಮೂರು ವರ್ಷದ ಲೀಜಿಗೆ ಕೊಟ್ಟರು. ಸಂಘದ ಹಿರಿಯಳು ದುರುಗವ್ವ. ವಯಸ್ಸು ಐವತ್ತೆರಡು. ಎಂಟೂ ಜನ ವರ್ಷವಿಡೀ ಬೇರೆಯವರ ಗದ್ದೆಯಲ್ಲಿ ನಾಟಿ ಹಚ್ಚಿ, ಕಳೆ ಕೀಳುವವರು. ಹೊಂಡವೊಂದೇ ಅವರು ತಮ್ಮದೇ ಲೆಕ್ಕದಲ್ಲಿ ಮಾಡುವ ಕೆಲಸ.

ಲೀಜು ಈ ನವೆಂಬರಿಗೆ ಮುಗಿಯುತ್ತದೆ. ತಿರುಪತಿ ಮೇ ತಿಂಗಳಲ್ಲೇ ಹೇಳಿದ್ದರು: ಈ ಸಲದ ಬಲೆ ಚೆನ್ನಾಗಿ ತುಂಬಿದರೆ ಮುಂದುವರಿಸುತ್ತೇನೆ, ಇಲ್ಲದಿದ್ದರೆ ದಂಡೆ ಒಡೆದು ಮಟ್ಟ ಮಾಡಿ ಭತ್ತ ಹಚ್ಚುತ್ತೇನೆ. ಹೊಂಡದಲ್ಲಿ ಆಗ ಕಾಟ್ಲಾ, ರೋಹು, ಮೃಗಾಲ್ ಮೂರೂ ಜಾತಿಯ ಮೀನು ಅಂಗೈಯಷ್ಟು ಬೆಳೆದಿದ್ದವು. ಸೆಪ್ಟೆಂಬರ್ ಹೊತ್ತಿಗೆ ಒಂದೊಂದು ಮುಕ್ಕಾಲು ಕಿಲೋ ತೂಗುತ್ತಿತ್ತು.

ಅಂದು ಬೆಳಿಗ್ಗೆ ಎಂಟಕ್ಕೆ ತಿರುಪತಿ ಗದ್ದೆ ನೋಡಲು ಬಂದವರು ಹೊಂಡದ ದಂಡೆ ಹತ್ತಿದರು.

"ಏನಬೇ ದುರುಗವ್ವ, ಮಂದಿ ಮೀನ ನೋಡ್ತಾರ. ನೀ ನೋಡಿದ್ರ ಬರೀ ಕೆಸರ ನೋಡ್ತಿ."

"ಮೀನ ಮೈ ತೋರ್ಸೂದು ಕಡೀಕರಿ ಅಣ್ಣಾರ. ಕೆಸರು ಮೊದಲ ಹೇಳತೈತಿ."

"ಏನ್ ಹೇಳ್ತು ಇವತ್ತು?"

"ದಮ್ಮು ಹತ್ತೇತಿ ಅಂತು. ತಳಕ್ಕ ಉಸುರಿಲ್ಲ. ಬಿಸಲ ಬಿದ್ದ ಮ್ಯಾಲ ಸರಪಳಿ ಎಳೀಬೇಕು."

ತಿರುಪತಿ ನೀರಿನ ಕಡೆ ನೋಡಿದರು. ಅಲ್ಲಲ್ಲಿ ಸಣ್ಣ ಗುಳ್ಳೆಗಳು ಎದ್ದು ಒಡೆಯುತ್ತಿದ್ದವು. "ಸರಪಳಿ ಎಳೀಬೇಕು" ಎಂಬ ಮಾತು ಅವರಿಗೆ ನೆನಪುಳಿಯಿತು. "ಬಿಸಲ ಬಿದ್ದ ಮ್ಯಾಲ" ಎಂಬುದು ಉಳಿಯಲಿಲ್ಲ.

ದುರುಗವ್ವ ಹುಟ್ಟಿದ್ದು ಯಲಬುರ್ಗಾ ತಾಲ್ಲೂಕಿನ ಎರೆ ಹೊಲಗಳ ಹಳ್ಳಿಯಲ್ಲಿ. ಅಲ್ಲಿ ಏಪ್ರಿಲ್ ಬಂತೆಂದರೆ ಕೆರೆಯ ತಳ ಬಿರಿಯುತ್ತಿತ್ತು. ಊರಿನವರು ಎತ್ತಿನ ಬಂಡಿ ಹೂಡಿಕೊಂಡು ಕೆರೆಯ ಗೋಡು ಮಣ್ಣು ತುಂಬಲು ಹೋಗುತ್ತಿದ್ದರು. ಅವರ ಅಪ್ಪ ಸಿಕ್ಕಲ್ಲಿ ಸಲಿಕೆ ಹಾಕುವವರಲ್ಲ. ಹಳ್ಳ ಬಂದು ಸೇರುವ ಕಡೆ ಮಣ್ಣು ಉಸುಕಾಗಿರುತ್ತದೆಂದು ಅದನ್ನು ಬಿಟ್ಟು, ಏರಿಯ ಹತ್ತಿರದ ನುಣ್ಣನೆಯ ಮಣ್ಣನ್ನೇ ತೆಗೆಯುತ್ತಿದ್ದರು. ಒಂದು ಚಿಟಿಕೆ ಎತ್ತಿ ಮೂಸುತ್ತಿದ್ದರು. ಮಗಳಿಗೂ ಮೂಸಲು ಕೊಡುತ್ತಿದ್ದರು. ಮಣ್ಣು ಹಸಿಯಿದ್ದರೆ ಹೊಲಕ್ಕೆ ಹರಡದೆ ಬದುವಿನ ಮೇಲೆ ಗುಡ್ಡೆ ಹಾಕಿ ಒಂದು ಮಳೆ ಹೊಡೆಯುವವರೆಗೆ ಬಿಡುತ್ತಿದ್ದರು.

"ಹಸೀ ಗೋಡು ಬೆಳಿ ಸುಡತೈತಿ, ಅದಕ್ಕ ಮೊದಲ ಗಾಳಿ ಕುಡಿಸಬೇಕು ಅನ್ನಾಂವ ನಮ್ಮಪ್ಪ," ಎನ್ನುತ್ತಾರೆ ದುರುಗವ್ವ. "ಯಾಕಪ್ಪಾ ಅಂದ್ರ, ಯಾಕ ಅಂದ್ರ ಹಂಗ, ನೀ ಬಂಡಿ ತುಂಬು ಅಂತಿದ್ದ."

ಇಪ್ಪತ್ತೆರಡಕ್ಕೆ ಮದುವೆಯಾಗಿ ಕಾಲುವೆ ನಾಡಿಗೆ ಬಂದರು. ಗಂಡ ಅಮರಪ್ಪ ಗಂಗಾವತಿಯ ರೈಸ್‌ಮಿಲ್ಲೊಂದರಲ್ಲಿ ಬಾಯ್ಲರ್ ನೋಡಿಕೊಳ್ಳುತ್ತಾರೆ. ಮೀನಿಗೆ ಹಾಕುವ ತೌಡು ಬರುವುದು ಅದೇ ಮಿಲ್ಲಿನಿಂದ. ಬಂದ ವರ್ಷ ದುರುಗವ್ವ ಮೊದಲ ಬಾರಿಗೆ ದಮ್ಮು ಹೊಡೆಯುವುದನ್ನು ಕಂಡರು. ನಾಟಿಗೆ ಮುಂಚೆ ಗದ್ದೆಗೆ ನೀರು ನಿಲ್ಲಿಸಿ, ಟ್ರ್ಯಾಕ್ಟರಿಗೆ ಕಬ್ಬಿಣದ ಚಕ್ರ ಕಟ್ಟಿ, ಮಣ್ಣನ್ನು ಅಂಬಲಿಯಾಗುವಂತೆ ಕಲಸುವುದಕ್ಕೆ ಇಲ್ಲಿ ದಮ್ಮು ಎನ್ನುತ್ತಾರೆ. ಕಲಸಿದಷ್ಟೂ ಒಳ್ಳೆಯದು. ಕಲಸುವಾಗ ಕೆಸರಿನಿಂದ ಗುಳ್ಳೆ ಬುಳುಬುಳು ಎದ್ದರೆ ಮಣ್ಣು ಮಾಗಿತೆಂದು ರೈತರು ಟ್ರ್ಯಾಕ್ಟರ್ ನಿಲ್ಲಿಸುತ್ತಾರೆ. ಒಣ ಸೀಮೆಯಿಂದ ಬಂದ ಸೊಸೆಗೆ ಇದು ವಿಚಿತ್ರವಾಗಿ ಕಂಡಿತ್ತು. ತನ್ನ ಊರಿನಲ್ಲಿ ಒಣಗಿಸುವ ಮಣ್ಣನ್ನು ಇಲ್ಲಿಯವರು ಕಲಸುತ್ತಿದ್ದರು. ಭತ್ತಕ್ಕೆ ಅದೇ ಬೇಕು ಎಂಬುದು ಒಂದೆರಡು ವರ್ಷದಲ್ಲಿ ಅವರಿಗೂ ಒಗ್ಗಿತು.

ಅಪ್ಪ ಹೇಳದೆ ಬಿಟ್ಟ "ಯಾಕ"ಕ್ಕೆ ಉತ್ತರ ಸಿಕ್ಕಿದ್ದು ಮೂರು ವರ್ಷದ ಹಿಂದೆ, ಕಾರವಾರದ ಕಡಲಿನಲ್ಲಿ. ಮೀನು ಸಾಕುವ ಹೆಂಗಸರ ಸಂಘಗಳಿಗೆಂದು ಐದು ದಿನದ ತರಬೇತಿ ಇತ್ತು. ಕೊಪ್ಪಳ ಜಿಲ್ಲೆಯಿಂದ ಹದಿನಾಲ್ಕು ಮಂದಿ ಹೋಗಿದ್ದರು. ಯಾರೂ ಅದುವರೆಗೆ ಸಮುದ್ರ ಕಂಡವರಲ್ಲ. ಮೂರನೆಯ ದಿನ ಅವರನ್ನು ಒಂದು ಸಂಶೋಧನಾ ದೋಣಿಯಲ್ಲಿ ದಡದಿಂದ ಒಳಕ್ಕೆ ಕರೆದೊಯ್ದರು. ಎಲ್ಲರೂ ಅಲೆ ನೋಡುತ್ತಿದ್ದರು. ಸುಂಕಲಮ್ಮ ನಿಂಬೆಹಣ್ಣು ಮೂಗಿಗೆ ಹಿಡಿದು ಕಣ್ಣು ಮುಚ್ಚಿ ಕೂತಿದ್ದರು. ದೋಣಿಯಲ್ಲಿದ್ದ ಹೇಮಾವತಿ ಎಂಬ ಸಂಶೋಧಕಿ ಹಗ್ಗದ ತುದಿಯ ಭಾರವಾದ ಕೊಳವೆಯನ್ನು ಹದಿನೈದು ಮೀಟರ್ ಆಳಕ್ಕೆ ಇಳಿಸಿ ಮೇಲೆತ್ತಿದರು. ಒಳಗೆ ಕಡಲ ತಳದ ಕೆಸರಿತ್ತು. ಮೇಲೆ ಕಂದು, ಕೆಳಗೆ ಬೂದು, ಅದರ ಕೆಳಗೆ ಕಪ್ಪು.

ದುರುಗವ್ವ ಹತ್ತಿರ ಹೋದರು.

"ಯವ್ವಾ, ಅದನ್ನ ಸ್ವಲ್ಪ ಮೂಸಲೇನ್ರಿ?"

ಹೇಮಾವತಿ ನಕ್ಕರು. "ಮೂಸಿ. ಇಷ್ಟು ವರ್ಷದಲ್ಲಿ ಯಾರೂ ಕೇಳಿರಲಿಲ್ಲ."

ದುರುಗವ್ವ ಕಪ್ಪು ಮಣ್ಣನ್ನು ಬೆರಳಿಗೆ ಹಚ್ಚಿಕೊಂಡು ಮೂಸಿದರು. ಕೊಳೆತ ಮೊಟ್ಟೆಯ ವಾಸನೆ.

"ನಮ್ಮ ಹೊಂಡದ್ದಕ್ಕಿಂತ ಇದು ಜೋರೈತಿ. ಆದ್ರ ಮನೆತನ ಒಂದ."

"ಜೋರು ಇರುವುದಕ್ಕೆ ಕಾರಣ ಉಪ್ಪು ನೀರು," ಎಂದರು ಹೇಮಾವತಿ. "ಕಡಲ ನೀರಿನಲ್ಲಿ ಗಂಧಕ ಇದೆ. ಉಸಿರು ಸಿಗದ ಜಾಗದ ಸೂಕ್ಷ್ಮಜೀವಿಗಳು ಅದನ್ನು ಬಳಸಿ ಈ ವಾಸನೆ ಹೊರಡಿಸುತ್ತವೆ. ನಿಮ್ಮ ಹೊಂಡದಲ್ಲಿ ಗಂಧಕ ಕಡಿಮೆ. ಅಲ್ಲಿ ಗುಳ್ಳೆ ಹೆಚ್ಚು ಬರುತ್ತಿರಬೇಕು. ಆ ಗುಳ್ಳೆಯ ಗಾಳಿ ಹೆಚ್ಚಿನದು ಉರಿಯುವ ಗಾಳಿ, ಅದಕ್ಕೆ ವಾಸನೆಯಿಲ್ಲ."

ಮುಂದಿನ ಒಂದು ಗಂಟೆ ದುರುಗವ್ವ ಕೊಳವೆಯ ಪಕ್ಕ ಬಿಟ್ಟು ಏಳಲಿಲ್ಲ. ಅಂದು ತಿಳಿದದ್ದನ್ನು ಅವರು ಈಗಲೂ ಒಂದೂ ತಪ್ಪದೆ ಹೇಳುತ್ತಾರೆ. ಕಡಲ ಮೇಲ್ಭಾಗದಲ್ಲಿ ಬಿಸಿಲು ತಿಂದು ಬೆಳೆಯುವ ಹಸಿರು ಕಣಗಳು, ಮೀನಿನ ಹೇಲು, ಸತ್ತ ಸೀಗಡಿ, ನದಿ ಹೊತ್ತು ತಂದ ಎಲೆ, ಎಲ್ಲವೂ ಕೊನೆಗೆ ತಳಕ್ಕೆ ಬೀಳುತ್ತವೆ. ತಳದ ಜೀವಿಗಳು ಅದನ್ನು ತಿಂದು ಮುರಿಯುತ್ತವೆ. ಮುರಿದಾಗ ಬಿಡುಗಡೆಯಾಗುವ ಸಾರಜನಕ, ರಂಜಕ ಮತ್ತೆ ಮೇಲಿನ ನೀರಿಗೆ ಏರಿ ಹಸಿರು ಕಣಗಳಿಗೆ ಗೊಬ್ಬರವಾಗುತ್ತವೆ. ದಡದ ಹತ್ತಿರ ಕಡಲು ಆಳವಿಲ್ಲ. ಆದ್ದರಿಂದ ಅಲ್ಲಿ ಈ ತಿರುಗಾಟ ಬೇಗ ನಡೆಯುತ್ತದೆ, ಮೀನೂ ಅಲ್ಲೇ ಹೆಚ್ಚು. ಸಾರಜನಕದಲ್ಲಿ ಒಂದಷ್ಟು ಪಾಲು ತಳದಲ್ಲೇ ಗಾಳಿಯಾಗಿ ಮಾರ್ಪಟ್ಟು ಆಕಾಶಕ್ಕೆ ಹೋಗುತ್ತದೆ. ಮುರಿಯದೆ ಉಳಿದ ಇಂಗಾಲ ಕೆಸರಿನಡಿ ಹೂತು ಹೋಗುತ್ತದೆ, ಕೆಲವೊಮ್ಮೆ ಸಾವಿರಾರು ವರ್ಷ.

ಕಂದು ಪದರ ಈ ಎಲ್ಲದರ ಬಾಗಿಲು. ನೀರಿನಲ್ಲಿ ಕರಗಿದ ಪ್ರಾಣವಾಯು ತಲುಪುವುದು ಅಲ್ಲಿಯವರೆಗೆ ಮಾತ್ರ. ಅಲ್ಲಿರುವ ಕಬ್ಬಿಣ ತುಕ್ಕಾಗಿ ಕಂದಾಗುತ್ತದೆ, ಆ ತುಕ್ಕು ರಂಜಕವನ್ನು ಹಿಡಿದಿಟ್ಟುಕೊಳ್ಳುತ್ತದೆ. ಕೆಳಗಿನಿಂದ ಬರುವ ವಿಷದ ಗಾಳಿಯೂ ಅಲ್ಲಿ ಪ್ರಾಣವಾಯುವಿಗೆ ಸಿಕ್ಕಿ ಸಾಧುವಾಗುತ್ತದೆ. ಮೇಲಿನಿಂದ ಬೀಳುವ ಅನ್ನ ಹೆಚ್ಚಾದರೆ ತಳದ ಜೀವಿಗಳು ಅದನ್ನು ತಿನ್ನುತ್ತ ಪ್ರಾಣವಾಯುವನ್ನೆಲ್ಲ ಖಾಲಿ ಮಾಡುತ್ತವೆ. ಆಗ ಕಂದು ತೆಳುವಾಗುತ್ತದೆ. ಕಂದು ಪೂರ್ತಿ ಹೋದರೆ ಬಾಗಿಲು ತೆರೆದು, ಕೆಳಗಿದ್ದದ್ದೆಲ್ಲ ಒಟ್ಟಿಗೆ ಮೇಲೆ ಬರುತ್ತದೆ.

ಕೊಳವೆಯೊಳಗೆ ಕಪ್ಪು ಮಣ್ಣಿನ ನಡುವೆ ದಾರದಷ್ಟು ಸಣ್ಣ ಕಂದು ಗೆರೆಯೊಂದು ಕೆಳಕ್ಕೆ ಇಳಿದಿತ್ತು. ಅದು ಹುಳದ ಬಿಲ. ಹುಳ ಬಿಲದೊಳಗೆ ನೀರು ಆಡಿಸಿ ಪ್ರಾಣವಾಯುವನ್ನು ಆಳಕ್ಕೆ ಒಯ್ಯುತ್ತದೆ ಎಂದು ಹೇಮಾವತಿ ತೋರಿಸಿದರು.

"ಹಂಗಾರ ಇದು ಕಡಲಾಗಿನ ಒಕ್ಕಲಿಗ," ಎಂದರು ದುರುಗವ್ವ. "ದಿನಕ್ಕ ಎಷ್ಟು ಉಳತೈತ್ರಿ?"

"ಸ್ವಲ್ಪ ಸ್ವಲ್ಪ. ಇವತ್ತು ಇಲ್ಲಿ, ನಾಳೆ ಅಲ್ಲಿ. ಇಡೀ ತಳವನ್ನು ಒಂದೇ ದಿನ ಯಾವ ಹುಳವೂ ಉಳುವುದಿಲ್ಲ."

ಹೊರಡುವಾಗ ಹೇಮಾವತಿ ಒಂದು ಹಳೆಯ ಕೊಳವೆ ಕೊಟ್ಟರು. ರೈಲಿನಲ್ಲಿ ಅದನ್ನು ಕಂಡವರೆಲ್ಲ ಏನೆಂದು ಕೇಳಿದರು. ಕಡಲಿನಿಂದ ಶಂಖ ತರಲಿಲ್ಲವೇ ಎಂದು ಅಮರಪ್ಪ ಕೇಳಿದರು.

ಊರಿಗೆ ಬಂದ ಮೇಲೆ ಹೊಂಡದ ಕ್ರಮ ಬದಲಾಯಿತು. ಸೋಮವಾರ ಮತ್ತು ಗುರುವಾರ ಕೊಳವೆ ಇಳಿಯುತ್ತದೆ. ಕಂದು ಪದರ ಒಂದು ಬೆರಳಿದ್ದರೆ ತೌಡು ಪೂರ್ತಿ, ಅರ್ಧ ಬೆರಳಿದ್ದರೆ ಅರ್ಧ ಬಕೆಟ್. ಹೊಂಡದ ದಂಡೆಯ ಎರಡೂ ಬದಿ ಬಿದಿರಿನ ಗೂಟ ನೆಟ್ಟು ಎಂಟು ಪಟ್ಟಿ ಮಾಡಿದ್ದಾರೆ. ಹಗ್ಗಕ್ಕೆ ಸರಪಳಿಯ ತುಂಡು ಕಟ್ಟಿ ಇಬ್ಬರು ಆ ದಂಡೆ, ಇಬ್ಬರು ಈ ದಂಡೆ ನಿಂತು, ಒಂದು ದಿನಕ್ಕೆ ಒಂದೇ ಪಟ್ಟಿ ಎಳೆಯುತ್ತಾರೆ. ಅದೂ ಬಿಸಿಲಿದ್ದರೆ ಮಾತ್ರ, ಹತ್ತು ಗಂಟೆಯ ನಂತರ. ಬಿಸಿಲಿನಲ್ಲಿ ಹಸಿರು ನೀರು ತಾನೇ ಪ್ರಾಣವಾಯು ಹೊರಡಿಸುತ್ತದೆ. ಕೆದಕಿದ ಕೆಸರು ಕುಡಿಯುವಷ್ಟು ಕುಡಿದು ಮೀನಿಗೂ ಉಳಿಯುತ್ತದೆ. ಮೋಡದ ದಿನ ಹಗ್ಗ ಗುಡಿಸಲಿನಲ್ಲೇ ಇರುತ್ತದೆ.

ಮೊದಲ ಎರಡು ವರ್ಷ ಬಲೆ ಚೆನ್ನಾಗಿ ತುಂಬಿತ್ತು. ಅದರಲ್ಲಿ ಕೆಸರಿನ ಪಾಲೆಷ್ಟು, ಕಾಲುವೆಯ ಪಾಲೆಷ್ಟು ಎಂದು ದುರುಗವ್ವ ಯಾರಿಗೂ ಹೇಳಿಕೊಳ್ಳಲಿಲ್ಲ.

ಆ ಸೋಮವಾರ ಮಧ್ಯಾಹ್ನ ಅವರು ಕುಷ್ಟಗಿಗೆ ಹೋದರು. ಮಗಳು ರಂಜಿತಾಳನ್ನು ಅಲ್ಲಿಗೆ ಕೊಟ್ಟಿದ್ದಾರೆ, ಬೀಗರದು ದಾಳಿಂಬೆ ತೋಟ. ಮೊಮ್ಮಗಳ ತೊಟ್ಟಿಲ ಕಾರ್ಯ ಬುಧವಾರ ಇತ್ತು. ಹೋಗುವ ಮುಂಚೆ ಸುಂಕಲಮ್ಮನಿಗೆ ಹೇಳಿದ್ದು ಎರಡೇ ಮಾತು: ತೌಡು ಹಾಕಬೇಡ, ಬಿಸಿಲು ಬೀಳುವವರೆಗೆ ಸರಪಳಿ ಮುಟ್ಟಬೇಡ. ತಿರುಪತಿಗೆ ಪ್ರತ್ಯೇಕವಾಗಿ ಹೇಳಲಿಲ್ಲ. ಹೊಂಡದ ಕೆಲಸ ಸಂಘದ್ದಾಗಿತ್ತು.

ಬುಧವಾರ ಬೆಳಿಗ್ಗೆ ತಿರುಪತಿ ದಂಡೆಗೆ ಬಂದಾಗ ಗುಳ್ಳೆ ಹೆಚ್ಚಾಗಿದ್ದವು. ಸುಂಕಲಮ್ಮ ಮತ್ತು ಉಳಿದವರು ಊರಾಚೆ ಕಳೆ ಕೀಳಲು ಹೋಗಿದ್ದರು. ತಿರುಪತಿಯವರ ಗದ್ದೆಯಲ್ಲಿ ಔಷಧ ಹೊಡೆಯಲು ಬಂದ ಆಳುಗಳು ಮೋಡ ಕಂಡು ಸುಮ್ಮನೆ ಕೂತಿದ್ದರು. ಬರಿಗೈಲಿ ಕೂತವರಿಗೆ ಕೆಲಸ ಕೊಡುವುದು, ಊರಲ್ಲಿಲ್ಲದ ದುರುಗವ್ವನಿಗೂ ಒಂದು ಉಪಕಾರ. ತಿರುಪತಿ ಹಾಗೆಂದುಕೊಂಡರು. ಹೊಂಡದ ಪಕ್ಕದ ಗುಡಿಸಲಿನಿಂದ ಸರಪಳಿಯ ಹಗ್ಗ ತೆಗೆಸಿದರು. ಅದು ಸಾಲದೆಂದು ಗದ್ದೆ ಮಟ್ಟ ಮಾಡುವ ಹಲಗೆಯನ್ನೂ ಕಟ್ಟಿಸಿದರು. ಹನ್ನೊಂದಕ್ಕೆ ಶುರುವಾಗಿ ಒಂದು ಗಂಟೆಗೆ ಎಂಟೂ ಪಟ್ಟಿ ಮುಗಿದವು. ಎಳೆದಲ್ಲೆಲ್ಲ ಗುಳ್ಳೆ ಬುಳುಬುಳು ಎದ್ದವು.

"ಸಾಕು ನಿಲ್ಲಿಸ್ರಲೇ," ಎಂದರು ತಿರುಪತಿ ಆಳುಗಳಿಗೆ. "ಮಣ್ಣು ಮಾಗೇತಿ."

ಎರಡೂವರೆಗೆ ಊಟಕ್ಕೆಂದು ಬಂದ ಸುಂಕಲಮ್ಮ ಹೊಂಡ ನೋಡಿದರು. ನೀರು ಹಸಿರು ಹೋಗಿ ಕಪ್ಪು ಚಹಾದಂತಾಗಿತ್ತು. ಮೀನೆಲ್ಲ ಮೇಲೆ ಬಂದು ಬಾಯಿ ತೆರೆದು ಗಾಳಿ ನುಂಗುತ್ತಿದ್ದವು. ಅವರು ಕುಷ್ಟಗಿಗೆ ಫೋನ್ ಹಚ್ಚಿದರು. ತೊಟ್ಟಿಲಿಗೆ ಕೂಸನ್ನು ಹಾಕಿ ಹೆಂಗಸರು ಹಾಡುತ್ತಿದ್ದರು.

"ಯಕ್ಕಾ, ಮೀನ ಎಲ್ಲಾ ಮ್ಯಾಲ ಬಂದಾವ. ತಿರುಪತಣ್ಣಾರು ಪೂರಾ ಹೊಂಡ ಎಳಸ್ಯಾರ."

"ಪೂರಾ ಅಂದ್ರ?"

"ಎಂಟೂ ಪಟ್ಟಿ. ಹಲಗಿ ಕಟ್ಟಿ."

ದುರುಗವ್ವ ತೊಟ್ಟಿಲ ಬಳಿಯಿಂದ ಎದ್ದು ಹೊರಗೆ ಬಂದರು.

"ಬಿಸಲ ಐತೇನು?"

"ಇಲ್ಲ."

"ಜಹೀರಗ ಹೇಳು, ಡೀಸಲ್ ಇಂಜಿನ್ ಎತ್ತಿಕ್ಯಂಡು ಬರ್ಲಿ. ಹೊಂಡದ ನೀರ ಹೀರಿ ಹೊಂಡಕ್ಕ ಹೊಡೀರಿ. ಸುಮ್ನ ಬಿಡಬ್ಯಾಡ್ರಿ, ತಗಡಿನ ಮ್ಯಾಲ ಬಿದ್ದು ಸಿಡೀಬೇಕು. ಎಷ್ಟು ಸಿಡದ್ರ ಅಷ್ಟು ಗಾಳಿ ಕುಡಿತೈತಿ. ನಾ ಬರ್ತೀನಿ."

ಜಹೀರ ಊರಿನಲ್ಲಿ ಪಂಪು, ಇಂಜಿನ್ ರಿಪೇರಿ ಮಾಡುವವರು. ಮೂರೂವರೆಯ ಹೊತ್ತಿಗೆ ತಳ್ಳುಗಾಡಿಯಲ್ಲಿ ಇಂಜಿನ್ ತಂದು, ದನದ ಕೊಟ್ಟಿಗೆಯ ಮೇಲಿದ್ದ ತಗಡು ಕಿತ್ತು ದಂಡೆಗೆ ಒರಗಿಸಿ ನೀರು ಹೊಡೆಯಲು ಶುರುಮಾಡಿದರು. ಒಂದು ಇಂಜಿನ್ನಿಗೆ ಒಂದೂಮುಕ್ಕಾಲು ಎಕರೆ ದೊಡ್ಡದು. ತಗಡಿನ ಹತ್ತಿರ ಬಂದ ಮೀನು ಚೇತರಿಸಿಕೊಂಡವು. ದೂರದ ಮೂಲೆಯಲ್ಲಿ ಕಾಟ್ಲಾಗಳು ಒಂದೊಂದಾಗಿ ಬಗ್ಗಡದ ಮೇಲೆ ಹೊಟ್ಟೆ ಮೇಲೆ ಮಾಡಿ ತೇಲತೊಡಗಿದವು. ಮೂರೂ ಜಾತಿಯಲ್ಲಿ ಕಾಟ್ಲಾಗೆ ಉಸಿರು ಹೆಚ್ಚು ಬೇಕು.

ದುರುಗವ್ವ ತಾವರಗೇರಾ, ಕನಕಗಿರಿ ದಾಟಿ ಬರುವ ಬಸ್ಸು ಹಿಡಿದು, ಗಂಗಾವತಿಯಿಂದ ಆಟೋದಲ್ಲಿ ಊರು ಸೇರಿದಾಗ ಆರಕ್ಕೆ ಕಾಲು ಗಂಟೆ ಇತ್ತು. ತೊಟ್ಟಿಲ ಕಾರ್ಯಕ್ಕೆ ಉಟ್ಟ ಇಳಕಲ್ ಸೀರೆಯಲ್ಲೇ ದಂಡೆಗೆ ಬಂದರು. ತಿರುಪತಿ ಸಲಿಕೆ ಹಿಡಿದು, ತಮ್ಮ ಗದ್ದೆಯ ಬದು ಕಡಿಯಲು ಬಗ್ಗಿದ್ದರು. ಗದ್ದೆಯಲ್ಲಿ ಒಂದು ಗೇಣು ತಿಳಿನೀರು ನಿಂತಿತ್ತು. ಅದನ್ನು ಹೊಂಡಕ್ಕೆ ಬಿಟ್ಟರೆ ಹೊಸ ನೀರು ಸಿಕ್ಕೀತೆಂಬುದು ಅವರ ಲೆಕ್ಕ.

"ಅಣ್ಣಾರ, ನಿಲ್ರಿ! ಯೂರಿಯಾ ಯಾವಾಗ ಹಾಕೀರಿ?"

"ಮೊನ್ನಿ. ಯಾಕ?"

"ಹಂಗಾರ ಬದು ಮುಟ್ಟಬ್ಯಾಡ್ರಿ. ಕೆಸರಾಗಿನ ಗೊಬ್ಬರದ ವಿಷ ಏನ್ ಮ್ಯಾಲ ಬಂದೈತಿ, ಯೂರಿಯಾ ನೀರು ಬಿಟ್ರ ಅದಕ್ಕ ಅದರ ಅಣ್ಣನ ಕರಕೊಂಡು ಬಂದಂಗಾತು."

ತಿರುಪತಿ ಸಲಿಕೆ ನೆಲಕ್ಕೂರಿದರು. "ಮತ್ತ ಏನ್ ಮಾಡ್ಲಿಬೇ?"

"ಕಾಲುವಿ ನೀರು ಬೇಕು. ಸೀದಾ ತೂಬಿನಿಂದ."

ತೂಬಿನ ನೀರು ಸರದಿಯಲ್ಲಿ ಬರುತ್ತದೆ. ಆ ಸಂಜೆಯ ಪಾಳಿ ಪಕ್ಕದ ಗೋವಿಂದರಾಜರದು. ತಿರುಪತಿಗೂ ಅವರಿಗೂ ಬದುವಿನ ವಿಷಯಕ್ಕೆ ಎರಡು ವರ್ಷದಿಂದ ಮಾತಿರಲಿಲ್ಲ. ತಿರುಪತಿ ಸಲಿಕೆಯನ್ನು ಅಲ್ಲೇ ಬಿಟ್ಟು ಹೋದರು. ಹತ್ತು ನಿಮಿಷದಲ್ಲಿ ಇಬ್ಬರೂ ಒಟ್ಟಿಗೆ ಬಂದರು, ಗೋವಿಂದರಾಜ ಮುಂದೆ, ತಿರುಪತಿ ಹಿಂದೆ.

"ಮೀನಿಗೂ ದಮ್ಮು ಹೊಡದೀಯಂತಲ್ಲೋ," ಎಂದರು ಗೋವಿಂದರಾಜ ಹೊಂಡ ನೋಡುತ್ತ. "ನಾಟಿ ಯಾವಾಗ ಹಚ್ತಿ?"

ತಿರುಪತಿ ಬಿಟ್ಟುಹೋಗಿದ್ದ ಸಲಿಕೆ ಎತ್ತಿ ಅವರ ಕೈಗೆ ಕೊಟ್ಟರು.

ಗೋವಿಂದರಾಜ ತಮ್ಮ ಕಾಲುವೆಯ ಬಾಯಿಗೆ ತಾವೇ ಮಣ್ಣು ಕಟ್ಟಿ, ಹೊಂಡದ ಕಡೆಯ ಬಾಯಿ ತೆರೆದರು. ಒಂಬತ್ತರವರೆಗೆ ಇರಲಿ, ಅಷ್ಟರ ಮೇಲೆ ನನ್ನ ಗದ್ದೆ ಒಣಗುತ್ತದೆ ಎಂದರು. ಕಾಲುವೆಯ ನೀರು ಎತ್ತರದಿಂದ ಸುರಿದು ಹೊಂಡ ಸೇರುವಲ್ಲಿ ಮೀನು ಗುಂಪುಗೂಡಿದವು. ಇಂಜಿನ್ ಬೆಳಗಿನವರೆಗೂ ಓಡಿತು. ಒಂಬತ್ತಕ್ಕೆ ಬಾಯಿ ಮುಚ್ಚಲು ಗೋವಿಂದರಾಜ ಬರಲಿಲ್ಲ.

ಮರುದಿನ ಹತ್ತರ ಹೊತ್ತಿಗೆ ಮೋಡ ಒಡೆದು ಬಿಸಿಲು ಬಿತ್ತು. ಮಧ್ಯಾಹ್ನಕ್ಕೆ ಮೀನು ನೀರಿನೊಳಗೆ ಇಳಿದವು. ಸತ್ತವನ್ನು ಹೆಂಗಸರು ಬಲೆಯಿಂದ ಎತ್ತಿ ಬುಟ್ಟಿಗೆ ತುಂಬಿದರು. ಒಟ್ಟು ಒಂಬತ್ತು ಬುಟ್ಟಿ. ಹೆಚ್ಚಿನವು ಕಾಟ್ಲಾ. ನೀರಿನಲ್ಲೇ ಬಿಟ್ಟರೆ ಅವೂ ತಳ ಸೇರಿ ಉಳಿದ ಉಸಿರನ್ನೂ ತಿನ್ನುತ್ತವೆಂದು ದೂರದಲ್ಲಿ ಗುಂಡಿ ತೋಡಿ ಸುಣ್ಣ ಹಾಕಿ ಹೂತರು. ಮೃಗಾಲ್ ಹೆಚ್ಚು ಉಳಿದವು. ಅವು ಕೆಸರಿನ ಹತ್ತಿರವೇ ಬದುಕುವ ಮೀನು, ಕಡಿಮೆ ಉಸಿರಿಗೆ ಒಗ್ಗಿದವು.

ತಿರುಪತಿ ಮೂರು ದಿನ ಹೊಂಡದ ಕಡೆ ಬರಲಿಲ್ಲ. ನಾಲ್ಕನೆಯ ಬೆಳಿಗ್ಗೆ ದುರುಗವ್ವ ಕೊಳವೆ ಎತ್ತುವ ಹೊತ್ತಿಗೆ ದಂಡೆಯ ಮೇಲೆ ನಿಂತಿದ್ದರು.

"ನಂದ ತಪ್ಪಾತು," ಎಂದರು. "ನೀ ಎಳೀಬೇಕು ಅಂದಿದ್ದಿ. ನಾ ಎಳಸಿದೆ."

"ನಾ ಬಿಸಲನೂ ಅಂದಿದ್ನಿರಿ."

"ಅದು ನನಗ ಕೇಳ್ಸಲಿಲ್ಲೋ, ಕೇಳಿಸ್ಕೊಳ್ಳಲಿಲ್ಲೋ." ನೀರಿನ ಕಡೆ ತಿರುಗಿ, "ಗುಳ್ಳಿ ನೋಡಿ ಖುಷಿ ಆತು. ಗದ್ದ್ಯಾಗ ಅದ ನೋಡಿ ಬೆಳದಾಂವ ನಾನು," ಎಂದರು.

ದುರುಗವ್ವ ಕೊಳವೆಯನ್ನು ಅವರ ಕೈಗೆ ಕೊಟ್ಟರು. ತಿರುಪತಿ ಬೆಳಕಿಗೆ ಹಿಡಿದು ನೋಡಿದರು. ಹಸಿರು ನೀರಿನ ಕೆಳಗೆ ನೇರವಾಗಿ ಕಪ್ಪು.

"ಕಂದು ಎಲ್ಲೈತಿ?"

"ಇಲ್ಲ. ಅದನ್ನ ಹಲಗೀಲೆ ಕಲಸಿ ಒಳಗ ಹಾಕೀರಿ."

"ಮತ್ತ ಬರತೈತೇನು?"

"ಬರಬೇಕು. ಎಷ್ಟು ದಿನಕ್ಕ ಬರತೈತಿ ನಂಗೂ ಗೊತ್ತಿಲ್ರಿ."

ದುರುಗವ್ವ ಅಂದು ಸಂಜೆ ಕಾರವಾರಕ್ಕೆ ಫೋನ್ ಮಾಡಿ ಹೇಮಾವತಿಯವರನ್ನು ಕೇಳಿದರು. ಬಿಸಿಲು ಚೆನ್ನಾಗಿದ್ದು, ಮೇಲಿನಿಂದ ಹೊಸ ಅನ್ನ ಬೀಳದಿದ್ದರೆ, ತೆಳು ಪದರ ವಾರ ಹತ್ತು ದಿನದಲ್ಲಿ ಕಾಣಬಹುದು ಎಂದರು ಅವರು. ಕಡಲಿನಲ್ಲಿ ದೊಡ್ಡ ಬಿರುಗಾಳಿ ತಳ ಕಲಕಿದಾಗಲೂ ಹಾಗೆಯೇ ಆಗುತ್ತದೆ. ಒಮ್ಮೆಗೆ ಗೊಬ್ಬರವೆಲ್ಲ ಮೇಲೆ ಬರುತ್ತದೆ, ಆಮೇಲೆ ತಳ ತನ್ನ ಪದರ ಮತ್ತೆ ಕಟ್ಟುತ್ತದೆ. ಕೆಲವು ದಿನದಲ್ಲಿ ನೀರು ವಿಪರೀತ ಹಸಿರಾದೀತು, ಆಗಲೂ ಎಚ್ಚರ ಎಂದರು. ಹಾಗೆಯೇ ಆಯಿತು. ಮುಂದಿನ ವಾರ ಹೊಂಡ ಪಾಲಕ್‌ ಸಾರಿನಂತಾಯಿತು. ಹೆಂಗಸರು ತೌಡು ಪೂರ್ತಿ ನಿಲ್ಲಿಸಿದರು. ಬೆಳಗಿನ ಜಾವ ಪಾಳಿಯ ಮೇಲೆ ಇಂಜಿನ್ ಓಡಿಸಿದರು. ಡೀಸೆಲ್ ತಿರುಪತಿಯವರದು.

ಆ ದಿನಗಳಲ್ಲಿ ತಿರುಪತಿ ಬೆಳಿಗ್ಗೆ ತಾವೇ ಲುಂಗಿ ಎತ್ತಿ ಕಟ್ಟಿ ಕೊಳವೆ ಹಿಡಿದು ಇಳಿಯುತ್ತಿದ್ದರು. ಮೊದಲೆರಡು ಸಲ ಅಂಗೈ ಸಡಿಲವಾಗಿ ಕೆಸರೆಲ್ಲ ಜಾರಿಹೋಯಿತು. ಸುಂಕಲಮ್ಮ ದಂಡೆಯ ಮೇಲಿಂದ ನಗುತ್ತಿದ್ದರು.

"ಅಣ್ಣಾರ, ಗದ್ದಿ ಬಿಟ್ಟು ನಮ್ಮ ಸಂಘ ಸೇರ್ತೀರೇನು? ಬರೀ ಹೆಣ್ಮಕ್ಕಳ ಸಂಘ ಐತ್ರಿ."

"ಸೀರಿ ಕೊಟ್ರ ಸೇರ್ತೀನಿ ತಗೋ," ಎಂದರು ತಿರುಪತಿ ನೀರಿನಿಂದಲೇ.

ಹನ್ನೊಂದನೆಯ ದಿನ ಕಪ್ಪಿನ ಮೇಲೆ ಕಂದು ಕಾಣಿಸಿತು, ಈರುಳ್ಳಿಯ ಹೊರಸಿಪ್ಪೆಯಷ್ಟು ತೆಳು. ತಿರುಪತಿ ಅದನ್ನು ಗೋವಿಂದರಾಜರಿಗೂ ತೋರಿಸಲು ಒಯ್ದರು. ದಾರಿಯಲ್ಲಿ ಅಲುಗಾಡಿ ಕಲಸಿಹೋಯಿತು. ಮತ್ತೆ ಬಂದು ಇನ್ನೊಂದು ತೆಗೆದರು.

ಅಕ್ಟೋಬರ್ ಎರಡನೆಯ ವಾರ ಪದರ ಅರ್ಧ ಬೆರಳಾಯಿತು. ತೌಡು ಅರ್ಧ ಬಕೆಟ್ ಬೀಳತೊಡಗಿತು. ಮೀನು ಒಂದು ತಿಂಗಳ ಬೆಳವಣಿಗೆ ಕಳೆದುಕೊಂಡಿದ್ದವು. ಬಲೆ ಈ ಸಲ ಹೋದ ಸಲದಷ್ಟು ತುಂಬುವುದಿಲ್ಲವೆಂಬುದು ಎಲ್ಲರಿಗೂ ತಿಳಿದಿತ್ತು. ತಿರುಪತಿ ಹೇಳಿದ್ದ ಮಾತು ಎಂಟೂ ಹೆಂಗಸರಿಗೆ ನೆನಪಿತ್ತು, ಯಾರೂ ಎತ್ತಲಿಲ್ಲ. ಕೊನೆಗೆ ಅವರೇ ಎತ್ತಿದರು. ಸಂಘದವರೆಲ್ಲ ದಂಡೆಯ ಮೇಲೆ ಬಲೆ ಹೆಣೆಯುತ್ತಿದ್ದ ಒಂದು ಮಧ್ಯಾಹ್ನ ಬಂದು ಕೂತರು.

"ಮನ್ಯಾಗ ನಮ್ಮ ತಮ್ಮ ಭತ್ತ ಹಚ್ಚೂನು ಅಂತಾನ. ಅರ್ಧ ಪಾಲು ಅವಂದೈತಿ. ಅವನ ಮುಂದ ನಾ ಮೂರು ವರ್ಷ ಅನ್ನಾಕ ಆಗಂಗಿಲ್ಲ. ಒಂದು ವರ್ಷ ಒಪ್ಪಸೀನಿ. ಅಷ್ಟ ನನ್ನ ಕೈಲಿ ಆಗಿದ್ದು."

ಹೆಂಗಸರು ದುರುಗವ್ವನ ಮುಖ ನೋಡಿದರು. ದುರುಗವ್ವ ಬಲೆಯ ಗಂಟು ಬಿಗಿಯುತ್ತ ಹೇಳಿದರು:

"ಒಂದು ವರ್ಷ ಒಪ್ಪಿಗಿ ಐತ್ರಿ. ನಮ್ಮದೂ ಒಂದು ಮಾತೈತಿ. ಸರಪಳಿ ನಾವ ಎಳಿಯೋದು. ನೀವು ದಂಡಿ ಮ್ಯಾಲ ಇರಬೇಕು."

"ಕಾಗದದಾಗ ಬರಸ್ತೀಯೇನು?"

"ಬರಸ್ತೀನ್ರಿ."

ಬರೆಸಿದರು. ಗಂಗಾವತಿಯಲ್ಲಿ ಟೈಪು ಮಾಡಿಸಿದ ಒಪ್ಪಂದದ ಐದನೆಯ ಕಲಮು ಅದು: ಹೊಂಡದ ತಳವನ್ನು ಕೆದಕುವ ದಿನ, ವೇಳೆ ಮತ್ತು ಭಾಗವನ್ನು ಸಂಘವೇ ನವೆಂಬರ್ 1ರಿಂದ ಒಂದು ವರ್ಷದವರೆಗೆ ನಿರ್ಧರಿಸತಕ್ಕದ್ದು. ತಿರುಪತಿ ಸಹಿ ಮಾಡಿದರು, ಅವರ ತಮ್ಮನೂ ಮಾಡಿದರು. ಸಾಕ್ಷಿಗೆ ಗೋವಿಂದರಾಜ ಹೆಬ್ಬೆಟ್ಟು ಒತ್ತಿದರು.

ಬಲೆ ಹಾಕುವುದು ನವೆಂಬರ್ ಕೊನೆಯ ವಾರಕ್ಕೆ ನಿಗದಿಯಾಗಿದೆ. ಅದಾದ ಮೇಲೆ ಕೆಸರು ಒಣಗಿ ಗಾಳಿ ಕುಡಿಯಲೆಂದು ಹೊಂಡ ನಲವತ್ತು ದಿನ ಖಾಲಿ ಇರುತ್ತದೆ. ಆ ನಲವತ್ತು ದಿನ ಎಂಟೂ ಹೆಂಗಸರು ಎರಡನೆಯ ಬೆಳೆಯ ಸಸಿಮಡಿ ಕೆಲಸಕ್ಕೆ ಹೋಗುತ್ತಾರೆ.